ಪಟ್ಟಿಯ ಹನ್ನೆರಡನೆಯ ಸಾಲು

ಆಕೆಯ ಹತ್ತು ಬೆರಳುಗಳ ತುದಿಯಲ್ಲೂ ಗೆರೆಗಳಿರಲಿಲ್ಲ. ಅದು ಹುಟ್ಟಿನಿಂದ ಬಂದದ್ದಲ್ಲ. ಎಂಟನೆಯ ವಯಸ್ಸಿನಿಂದ ಹದಿನೆಂಟರವರೆಗೆ, ಶಾಲೆಗೆ ಹೋಗುವ ಮುಂಚೆಯೂ ಶಾಲೆಯಿಂದ ಬಂದ ಮೇಲೂ, ಶಿಡ್ಲಘಟ್ಟದ ಒಂದು ನೂಲು ಬಿಚ್ಚಾಣಿಕೆ ಮನೆಯಲ್ಲಿ ಬಿಸಿನೀರಿನ ಬಾಣಲೆಗೆ ಕೈಯಿಟ್ಟು ರೇಷ್ಮೆಗೂಡಿನ ಎಳೆ ಹುಡುಕಿದವರು ಆಕೆ. ಚರ್ಮ ಬೆಂದು, ಸುಲಿದು, ಮತ್ತೆ ಬೆಳೆದು, ಕೊನೆಗೆ ಹಿಸುಕಿದ ಅವರೆಕಾಳಿನಂತೆ ಬೆಳ್ಳಗೆ ನುಣ್ಣಗೆ ಉಳಿದುಬಿಟ್ಟಿತ್ತು. ನೋಂದಣಿ ಕಚೇರಿಯಲ್ಲಿ ಒಮ್ಮೆ ಹೆಬ್ಬೆಟ್ಟು ಒತ್ತಿಸಿಕೊಂಡ ಗುಮಾಸ್ತ, "ಇದೇನಮ್ಮ, ಬರೀ ಮಸಿ ಮೆತ್ಕೊಂಡಿದೆ, ಗುರುತೇ ಇಲ್ಲ" ಎಂದನಂತೆ. "ಗುರುತೆಲ್ಲ ಯಾರ್ಯಾರದೋ ಸೀರೇಲಿದೆ ಸಾರ್, ಹುಡುಕ್ಕೊಳ್ಳಿ" ಎಂದು ಉತ್ತರ ಕೊಟ್ಟು ಬಂದಿದ್ದರು. ಆ ಮಾತನ್ನು ನನಗೆ ಹೇಳುವಾಗಲೂ ಅವರ ಮುಖದಲ್ಲಿ ನಗುವಿರಲಿಲ್ಲ.

ಶಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದೊಂದು ಸೈಬರ್ ಕೇಂದ್ರವಿತ್ತು. ಆರು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಗೋಡೆಯ ಮೇಲೆ ಬುದ್ಧನ ಸಣ್ಣ ಪಟ. ಹುಣ್ಣಿಮೆಯ ದಿನ ಆ ಪಟದ ಮುಂದೆ ಒಂದು ಮೊಳ ಮಲ್ಲಿಗೆ ಇರುತ್ತಿತ್ತು. ಊರಿನವರಿಗೆ ಆಕೆ ಸೈಬರಕ್ಕ. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರನ್ನು ಅಕ್ಕ ಎನ್ನಲು ನನಗೆ ನಾಲಗೆ ಏಳುತ್ತಿರಲಿಲ್ಲ, "ಅಮ್ಮ" ಎನ್ನುತ್ತಿದ್ದೆ. ಮದುವೆಯಾಗಿರಲಿಲ್ಲ. ಮನೆಯಲ್ಲಿ ತಾಯಿ, ಅಣ್ಣ, ಅತ್ತಿಗೆ. ಅಣ್ಣನಿಗೆ ಗೂಡಿನ ಮಾರುಕಟ್ಟೆಯಲ್ಲಿ ತೂಕದ ಕೆಲಸ. ಸಂಜೆ ಆರಕ್ಕೆ ಬಂದು ಕೇಂದ್ರದ ಮೇಜಿನ ಹಿಂದೆ ಕೂರುತ್ತಿದ್ದ.

ನಾನು ಭೂಮಾಪನ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸರಪಳಿ ಹಿಡಿದವನು. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ನಾನು ಅಳೆಯದ ಕೆರೆ ಏರಿ ಕಡಿಮೆ. ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ನನಗೆ ಇದ್ದದ್ದು ಒಂದು ಬಾಡಿಗೆ ಮನೆ, ಮತ್ತು ಚಿಕ್ಕಬಳ್ಳಾಪುರದಲ್ಲಿ ನಾವು ಹತ್ತಾರು ಜನ ಸೇರಿ ಕಟ್ಟಿಕೊಂಡಿದ್ದ ಒಂದು ಇತಿಹಾಸದ ಕೂಟ. ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದಾಗ ಆ ಕೂಟದವರು ಕೆರೆಗಳ ಬಗ್ಗೆ ಒಂದು ಪುಸ್ತಿಕೆ ಅಚ್ಚು ಹಾಕಿಸಿದರು. ಅದರಲ್ಲಿದ್ದ ಪ್ರತಿಯೊಂದು ಅಳತೆಯೂ ನನ್ನದು. ಕೃತಜ್ಞತೆಯ ಪುಟದಲ್ಲಿ ಒಂಬತ್ತು ಹೆಸರುಗಳಿದ್ದವು. ಬಿಡುಗಡೆಯ ಸಮಾರಂಭಕ್ಕೆ ಶಾಮಿಯಾನ ಕೊಟ್ಟವನ ಹೆಸರೂ ಇತ್ತು. ಕಡೆಗೆ "ಹಾಗೂ ಇತರರು" ಎಂದಿತ್ತು. ಆ ಇತರರು ನಾನು. ಅಂದಿನಿಂದ ನಾನು ಆ ಕೂಟದ ಮೆಟ್ಟಿಲು ಹತ್ತಲಿಲ್ಲ. ಅವರಲ್ಲಿ ಒಬ್ಬರಾದರೂ ನಾನೇಕೆ ಬರುತ್ತಿಲ್ಲವೆಂದು ಕೇಳಿಕೊಂಡು ಬರಲಿಲ್ಲ. ಇದನ್ನು ನಾನು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ.

ಹೀಗೆ ಮನುಷ್ಯರ ಸಹವಾಸ ಬಿಟ್ಟ ಮೇಲೆ ನಾನು ಸೈಬರ್ ಕೇಂದ್ರಕ್ಕೆ ಹೋಗತೊಡಗಿದೆ. ಶಾಸನಗಳ ಬಗ್ಗೆ, ವೀರಗಲ್ಲುಗಳ ಬಗ್ಗೆ, ಹಳೆಯ ನಕ್ಷೆಗಳ ಬಗ್ಗೆ ಯಾರು ಯಾರೋ ತಮ್ಮ ತಮ್ಮ ಜಾಲತಾಣಗಳಲ್ಲಿ ಬರೆಯುತ್ತಾರೆಂದು ಯಾರೋ ಹೇಳಿದ್ದರು. ಮೊದಲ ದಿನ ಆಕೆ ನನ್ನ ಬೆನ್ನ ಹಿಂದೆ ನಿಂತು, "ಮೌಸು ಹಂಗೆ ಅದುಮಬೇಡಿ ಸಾರ್. ಮುದ್ದೆಯಲ್ಲ ಅದು" ಎಂದರು. ಪಕ್ಕದಲ್ಲಿದ್ದ ಇಬ್ಬರು ಕಾಲೇಜು ಹುಡುಗಿಯರು ನಕ್ಕರು. ನಾನು ಆ ತಾರೀಖನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಆರು ಕಂಪ್ಯೂಟರುಗಳಲ್ಲಿ ಮೂರನೆಯದರಲ್ಲಿ ಮಾತ್ರ ಕನ್ನಡ ಅಕ್ಷರಗಳು ಅಕ್ಷರಗಳಾಗಿ ಕಾಣುತ್ತಿದ್ದವು. ಉಳಿದವುಗಳಲ್ಲಿ ಬರೀ ಚೌಕಗಳು. ದಿನವೂ ಹನ್ನೊಂದು ಗಂಟೆಗೆ ನಾನು ಆ ಮೂರನೆಯದರ ಮುಂದೆ ಕೂರುತ್ತಿದ್ದೆ. ಬರುವವರೆಲ್ಲ ಹೆಸರು, ವಿಳಾಸ ಬರೆಯಬೇಕಾದ ದಪ್ಪ ಪುಸ್ತಕವೊಂದು ಬಾಗಿಲಲ್ಲಿತ್ತು. ಉಳಿದವರು ಅದರಲ್ಲಿ ಒಂದು ಗೀಟು ಎಳೆದು ಒಳಗೆ ಹೋಗುತ್ತಿದ್ದರು. ನಾನು ದಿನವೂ ಪೂರ್ತಿ ಹೆಸರು, ತಂದೆಯ ಹೆಸರು, ಹುದ್ದೆ, ನಿವೃತ್ತಿಯ ವಿವರ, ವಿಳಾಸ ಎಲ್ಲವನ್ನೂ ಬರೆದು ಸಹಿ ಹಾಕುತ್ತಿದ್ದೆ. ನಮ್ಮ ಇಲಾಖೆಯಲ್ಲಿ ಹೆಸರು ವಿಳಾಸವಿಲ್ಲದೆ ಬರುವ ದೂರಿಗೆ ಮೂಕರ್ಜಿ ಎನ್ನುತ್ತಿದ್ದೆವು, ಅದನ್ನು ಓದದೆ ಕಸದ ಬುಟ್ಟಿಗೆ ಹಾಕುತ್ತಿದ್ದೆವು. ತನ್ನ ಮಾತಿನ ಕೆಳಗೆ ತನ್ನ ಹೆಸರು ಹಾಕಲಾರದವನಿಗೆ ಮಾತಾಡುವ ಹಕ್ಕಿಲ್ಲವೆಂದು ನಾನು ಇಡೀ ವೃತ್ತಿಜೀವನ ನಂಬಿದ್ದೆ.

ನಾನು ಗುರುತು ಹಾಕಿಕೊಂಡಿದ್ದ ತಾಣಗಳು ಹನ್ನೊಂದು. ಅವುಗಳ ವಿಳಾಸಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಗ್ರಾಮ ತನಿಖೆಗೆ ಹೋದಂತೆ ಒಂದೊಂದಾಗಿ ತೆರೆಯುತ್ತಿದ್ದೆ. ಪ್ರತಿ ಅಕ್ಷರವನ್ನೂ ಹುಡುಕಿ ಒತ್ತಬೇಕು. ಪುಟ ತೆರೆದುಕೊಳ್ಳಲು ಕಾಯಬೇಕು. ತೆರೆದ ಮೇಲೆ ನೋಡಿದರೆ ನಿನ್ನೆ ಇದ್ದದ್ದೇ ಇಂದೂ ಇರುತ್ತಿತ್ತು. ಮತ್ತೊಂದು ತಾಣ, ಅಲ್ಲೂ ಹಾಗೆಯೇ. ಕರೆಂಟು ಹೋಗಿ ಬ್ಯಾಟರಿ ಕಿರುಗುಟ್ಟಿದರೆ ಮೊದಲಿನಿಂದ ಶುರು. ಒಂದು ಗಂಟೆ ಕಳೆದು ಏಳುವಾಗ, ಹನ್ನೊಂದು ಬಾಗಿಲು ತಟ್ಟಿ ಹನ್ನೊಂದರಲ್ಲೂ ಯಾರೂ ಇಲ್ಲದೆ ಮರಳಿದವನ ದಣಿವು ನನಗಾಗುತ್ತಿತ್ತು.

ಆಕೆ ಇದನ್ನು ಎರಡು ತಿಂಗಳು ನೋಡಿದರು. ಒಂದು ದಿನ ಒಂದು ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು.

"ಸಾರ್, ನೀವು ಮನೆ ಮನೆಗೂ ಹೋಗಿ ಏನಾದ್ರೂ ಹೊಸದಿದೆಯಾ ಅಂತ ಕೇಳೋದು ಬೇಡ. ಹೊಸದು ಬಂದ್ರೆ ಅವ್ರೇ ಇಲ್ಲಿಗೆ ಬಂದು ಹೇಳೋ ಹಂಗೆ ಮಾಡ್ಕೊಡ್ತೀನಿ. ಹತ್ತು ನಿಮಿಷ ಸಾಕು ನಿಮ್ಗೆ, ಒಂದು ಗಂಟೆ ಕೂರೋದೇನೂ ಬೇಕಾಗಲ್ಲ."

ನಾನು ಕೇಳಿಸಿಕೊಂಡದ್ದು ಕೊನೆಯ ಮಾತನ್ನು ಮಾತ್ರ. "ಕೂರೋದು ಬೇಡ ಅಂದ್ರೆ ನೇರವಾಗಿ ಹೇಳಮ್ಮ. ಮುದುಕನನ್ನು ಎಬ್ಬಿಸೋದಕ್ಕೆ ಇಷ್ಟು ಬಳಸಬೇಕಾಗಿಲ್ಲ" ಎಂದು ಛತ್ರಿ ತೆಗೆದುಕೊಂಡು ಎದ್ದುಬಿಟ್ಟೆ. ಆಮೇಲೆ ಒಂದು ವಾರ ಬಸ್ಸು ಹತ್ತಿ ಚಿಂತಾಮಣಿಗೆ ಹೋಗಿ ಅಲ್ಲಿನ ಒಂದು ಕೇಂದ್ರದಲ್ಲಿ ಕೂತೆ. ಅಲ್ಲಿನ ಯಜಮಾನ ನನ್ನನ್ನು ತಾತ ಎಂದ. ಅಲ್ಲಿನ ಯಾವ ಕಂಪ್ಯೂಟರಿನಲ್ಲೂ ಕನ್ನಡ ಕಾಣಲಿಲ್ಲ. ಎಂಟನೆಯ ದಿನ ಮರಳಿ ಬಂದು ಬಾಗಿಲಲ್ಲಿ ನಿಂತೆ. ಆಕೆ ತಲೆ ಎತ್ತಿ, "ಮೂರನೇದು ಖಾಲಿ ಇದೆ ಸಾರ್" ಎಂದರು. ಅಷ್ಟೇ.

ಅಂದು ಆಕೆಯೇ ಕೂತು ಮಾಡಿಕೊಟ್ಟರು. ಪ್ರತಿ ತಾಣದ ಒಂದು ಮೂಲೆಯಲ್ಲಿ ಕಿತ್ತಳೆ ಬಣ್ಣದ ಪುಟ್ಟ ಚೌಕ, ಅದರೊಳಗೆ ಮೂರು ಬಿಳಿ ಗುರುತು. ನಾನು ಅದನ್ನು ಅಲಂಕಾರವೆಂದುಕೊಂಡಿದ್ದೆ. ಅದನ್ನು ಒತ್ತಿ, ಅಲ್ಲಿಂದ ಒಂದು ವಿಳಾಸ ತೆಗೆದು, ಫೀಡ್ ಓದುವ ಪುಟವೆಂಬ ಒಂದೇ ಪುಟದಲ್ಲಿ ಹನ್ನೊಂದನ್ನೂ ಪಟ್ಟಿ ಮಾಡಿದರು. ಯಾವ ತಾಣದಲ್ಲಿ ಹೊಸ ಬರಹ ಬಂದರೂ ಅದು ತಾನಾಗಿ ಈ ಪುಟಕ್ಕೆ ಬಂದು ಸೇರುತ್ತದೆ. ಹೊಸದಿದ್ದರೆ ತಾಣದ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ. ಓದಿದ ಮೇಲೆ ಸಣ್ಣಗಾಗುತ್ತದೆ.

"ನಾವು ಓದ್ತಿದ್ದೀವಿ ಅಂತ ಅವರಿಗೆ ಗೊತ್ತಾಗುತ್ತಾ?" ಎಂದೆ.

"ಗೊತ್ತಾಗಲ್ಲ ಸಾರ್. ಬರೆಯೋರು ಬರೀತಾರೆ, ಬರೋದು ಬರುತ್ತೆ. ಬಾಣಲೇಲಿ ಎಂಟು ಹತ್ತು ಗೂಡು ಕುಣೀತಿರುತ್ತಲ್ಲ, ಒಂದೊಂದರದ್ದೂ ಎಳೆ ಮೇಲೆ ಬಂದು ಒಂದೇ ನೂಲಾಗುತ್ತೆ. ತಿರುಗೋ ರಾಟೆಗೆ ಯಾವ ಗೂಡಿಂದ ಯಾವ ಎಳೆ ಅಂತ ಏನು ಗೊತ್ತು. ಒಂದು ಗೂಡು ಮುಗಿದ್ರೆ ಬಾಣಲೆ ಮುಂದೆ ಕೂತಿರೋರಿಗೆ ಗೊತ್ತಾಗ್ಬೇಕು, ಅಷ್ಟೇ."

ಮಾರನೆಯ ದಿನ ಹನ್ನೊಂದು ಗಂಟೆಗೆ ಹೋದೆ. ಎರಡು ಸಾಲು ದಪ್ಪಗಿದ್ದವು. ಓದಿದೆ. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ನನ್ನ ದಿನದ ಕೆಲಸ ಮುಗಿದುಹೋಗಿತ್ತು. ಎದುರಿಗೆ ಮಧ್ಯಾಹ್ನ ಇತ್ತು, ಸಂಜೆ ಇತ್ತು. ತಾಣಗಳಿಗಾಗಿ ಬರುತ್ತಿದ್ದೇನೆಂದು ನಾನು ಅಷ್ಟು ದಿನ ನನಗೇ ಹೇಳಿಕೊಂಡಿದ್ದೆ. ಮನೆಗೆ ಹೋಗುವುದನ್ನು ಮುಂದೂಡಲು ಬರುತ್ತಿದ್ದೆನೆಂದು ಆ ಹನ್ನೆರಡನೆಯ ನಿಮಿಷದಲ್ಲಿ ತಿಳಿಯಿತು. ಆಕೆಗೆ ಮೊದಲೇ ತಿಳಿದಿತ್ತೆಂದು ಕಾಣುತ್ತದೆ. ಒಂದು ಸ್ಟೀಲು ಲೋಟದಲ್ಲಿ ಟೀ ತಂದು ಮೇಜಿನ ಮೇಲಿಟ್ಟು, "ಈಗ ಹೇಳಿ ಸಾರ್, ಯಾವಾಗ್ಲೂ ಗೊಣಗ್ತಿರ್ತೀರಲ್ಲ, ಆ ಕೆರೆ ಪುಸ್ತಕದೋರು ನಿಮ್ಗೆ ಏನು ಮಾಡಿದ್ರು?" ಎಂದು ಕೇಳಿದರು.

ಅಂದಿನಿಂದ ಹತ್ತು ನಿಮಿಷ ಓದು, ಐವತ್ತು ನಿಮಿಷ ಮಾತು. ನಾನು ನನಗಾದ ಅವಮಾನಗಳನ್ನು ಇಸವಿವಾರು ಹೇಳುತ್ತಿದ್ದೆ. ಆಕೆ ಟೈಪು ಮಾಡುತ್ತಲೇ ಕೇಳುತ್ತಿದ್ದರು. ನಡುವೆ ಒಮ್ಮೊಮ್ಮೆ, "ಇದು ಗೌರಿಬಿದನೂರಿನ ತಹಶೀಲ್ದಾರನ ಕತೆ ಅಲ್ವಾ, ಹೋದ ತಿಂಗಳು ಹೇಳಿದ್ರಿ. ಆಗ ಅವನು ಕುರ್ಚಿ ಕೊಡ್ಲಿಲ್ಲ ಅಂದ್ರಿ, ಈಗ ನೀರೂ ಕೊಡ್ಲಿಲ್ಲ ಅಂತೀರಿ" ಎನ್ನುತ್ತಿದ್ದರು. ನನ್ನ ಅವಮಾನಗಳ ಲೆಕ್ಕವನ್ನು ನನ್ನಷ್ಟೇ ನಿಖರವಾಗಿ ಇಟ್ಟ ಇನ್ನೊಬ್ಬ ಮನುಷ್ಯ ನನಗೆ ಸಿಕ್ಕಿಲ್ಲ.

ಕೆಲವು ತಿಂಗಳ ನಂತರ ಆಕೆ ಒಂದು ಉಪಕಾರ ಕೇಳಿದರು. "ಸಾರ್, ನಿಮ್ಮ ಪಟ್ಟೀಲಿ ನನ್ನದೊಂದು ಇರ್ಲಿ. ಹನ್ನೆರಡನೇದು. ಅದು ದಪ್ಪ ಆದ್ರೆ ನನ್ನ ಕರೀರಿ."

"ನಿನ್ನ ಪುಟದಲ್ಲೇ ಹಾಕಿಕೊಳ್ಳಬಹುದಲ್ಲಮ್ಮ."

"ಸಂಜೆ ಅಣ್ಣ ಕೂರ್ತಾನೆ. ಎಲ್ಲ ತೆಗೆದು ನೋಡ್ತಾನೆ. ನಿಮ್ಮದಾದ್ರೆ ಮುಟ್ಟಲ್ಲ."

ಹೆಚ್ಚು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ನನಗೆ ಆಮೇಲೆ ತಿಳಿದದ್ದನ್ನು ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ. ಹನ್ನೆರಡನೆಯ ಸಾಲು ಆಕೆಯ ತಂಗಿಯ ಬ್ಲಾಗು. ಆ ತಂಗಿ ಆರು ವರ್ಷಗಳ ಹಿಂದೆ ತಾನೇ ಆರಿಸಿಕೊಂಡವನ ಜೊತೆ ಹೊರಟುಹೋಗಿದ್ದಳು. ಅದೇ ವರ್ಷ ತಂದೆ ತೀರಿಕೊಂಡರು. "ಅಪ್ಪನ್ನ ತಿಂದ್ಕೊಂಡೋಳು" ಎಂದು ಅಣ್ಣ ಮನೆಯಲ್ಲಿ ಅವಳ ಹೆಸರೆತ್ತದಂತೆ ಮಾಡಿದ್ದ. ಕಣ್ಣಿಗೆ ಬಿದ್ದರೆ ಸುಮ್ಮನೆ ಬಿಡುವುದಿಲ್ಲವೆಂದೂ ಹೇಳುತ್ತಿದ್ದ. ಎಲ್ಲಿದ್ದಾಳೆ, ಇದ್ದಾಳೆಯೇ ಎಂಬುದೂ ಯಾರಿಗೂ ಗೊತ್ತಿರಲಿಲ್ಲ. ಆಕೆ ಒಂದು ಮಧ್ಯಾಹ್ನ ಏನನ್ನೋ ಹುಡುಕುತ್ತಿದ್ದಾಗ, ಹೆಸರಿಲ್ಲದ ಯಾವಳೋ ಒಬ್ಬಳು ಬರೆದ ಒಂದು ಪುಟ ಎದುರಾಯಿತು. ಮುದ್ದೆ ಕೋಲು ಮುರಿದುಹೋದ ದಿನ ಅಮ್ಮ ಛತ್ರಿಯನ್ನು ತಿರುಗಿಸಿ ಹಿಡಿದು, ಅದರ ಮರದ ಹಿಡಿಯಿಂದ ಮುದ್ದೆ ತೊಳಸಿದರೆಂದು ಅದರಲ್ಲಿತ್ತು. ಪ್ರಪಂಚದಲ್ಲಿ ಅದು ನಡೆದದ್ದು ಒಂದೇ ಮನೆಯಲ್ಲಿ. ಅದನ್ನು ನೋಡಿ ನಕ್ಕವರು ಇಬ್ಬರೇ ಹುಡುಗಿಯರು.

ಆಕೆ ಅವಳಿಗೆ ಒಂದಕ್ಷರ ಬರೆಯಲಿಲ್ಲ. ಬರೆದರೆ ಹೆದರಿ ಓಡಿಹೋದಾಳೆಂಬ ಭಯ. ಸುಮ್ಮನೆ ಓದುತ್ತಿದ್ದರು. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಆ ಸಾಲು ದಪ್ಪಗಾಗುತ್ತಿತ್ತು. ನಾನು ಕರೆಯುತ್ತಿದ್ದೆ. ಆಕೆ ನನ್ನ ಕುರ್ಚಿಯ ಹಿಂದೆ ನಿಂತು ಓದಿ, ಬೆರಳಿನ ಹಿಂಬದಿಯನ್ನು ಒಂದು ಕ್ಷಣ ಪರದೆಗೆ ತಾಗಿಸಿ, ಜೆರಾಕ್ಸ್ ಯಂತ್ರದ ಕಡೆ ಹೋಗುತ್ತಿದ್ದರು. ಇದೇನು ಯಾವಳದೋ ಅಡುಗೆಮನೆಯ ಪುರಾಣಕ್ಕೆ ಇಷ್ಟು ಅಭಿಮಾನವೆಂದು ನನಗೆ ಅಸಮಾಧಾನವೇ ಆಗುತ್ತಿತ್ತು.

ಪಟ್ಟಿಯಲ್ಲಿದ್ದದ್ದನ್ನು ಓದದೆ ಬಿಡುವ ಅಭ್ಯಾಸ ನನಗಿಲ್ಲ. ಹಾಗಾಗಿ ಹನ್ನೆರಡನೆಯದನ್ನೂ ಓದುತ್ತಿದ್ದೆ. ಒಂದು ದಿನ ಆಕೆ ಬ್ಯಾಂಕಿಗೆ ಹೋಗಿದ್ದಾಗ ಹೊಸ ಬರಹ ಬಂತು. ಬರೆದವಳ ತಾಯಿ ಹುಡುಗಿಯಾಗಿದ್ದಾಗ ಗೂಡಿನ ಮಂಕರಿ ಹೊತ್ತು ಕೆಂಚಾರ್ಲಹಳ್ಳಿಯಿಂದ ಮಂಡಿಕಲ್ಲಿಗೆ ನಡೆದು ಹೋಗಿ, ಬಿಸಿಲೇರುವ ಮುನ್ನ ಮರಳಿ ಬಂದು ಮುದ್ದೆಗೆ ಎಸರಿಡುತ್ತಿದ್ದಳಂತೆ. ನನಗೆ ಮೈ ಉರಿಯಿತು. ಆ ಎರಡೂ ಊರುಗಳ ನೆಲವನ್ನು ನಾನು ಅಳೆದಿದ್ದೇನೆ. ಮಂಕರಿ ಹೊತ್ತು ಹೋಗಿ ಬರಲು ಒಂದು ಇಡೀ ಹಗಲು ಸಾಲದು. ನನ್ನ ಅಳತೆಗಳನ್ನು ಕದ್ದು ಹೆಸರು ಬಿಟ್ಟವರ ಮೇಲೆ ಇದ್ದ ಕೋಪವೆಲ್ಲ, ಅಳತೆಯೇ ಗೊತ್ತಿಲ್ಲದೆ ಬರೆದ ಈ ಹೆಂಗಸಿನ ಕಡೆ ತಿರುಗಿತು.

ಬ್ಲಾಗಿನ ಕೆಳಗೆ ಓದುಗರು ಅಭಿಪ್ರಾಯ ಬರೆಯಲು ಜಾಗವಿತ್ತು. ನಾನು ಯಾವುದನ್ನೂ ಕರಡು ಮಾಡದೆ ಬರೆದವನಲ್ಲ. ಟಿಪ್ಪಣಿ ಪುಸ್ತಕದಲ್ಲಿ ಕರಡು ಬರೆದು, ತಿದ್ದಿ, ಆಮೇಲೆ ಟೈಪು ಮಾಡಿದೆ. ಇಲಾಖೆಯ ಶೈಲಿಯಲ್ಲೇ ಇತ್ತು: ಸದರಿ ದೂರವು ಅಸಂಭವ, ಈ ಸೀಮೆಯಲ್ಲಿ ಹುಟ್ಟಿದವರು ಹೀಗೆ ಬರೆಯಲಾರರು, ಓದುಗರನ್ನು ವಂಚಿಸಿದ್ದಕ್ಕೆ ಸಮಜಾಯಿಷಿ ನೀಡತಕ್ಕದ್ದು. ಕೆಳಗೆ ನನ್ನ ಹೆಸರು, ಹುದ್ದೆ. ವಿಳಾಸ ಹಾಕುವಾಗ ಯೋಚಿಸಿದೆ. ಬಾಡಿಗೆ ಮನೆ, ನಾಳೆ ಬದಲಾದೀತು, ಉತ್ತರ ತಪ್ಪಿಹೋಗಬಾರದು. ಆದ್ದರಿಂದ ಸೈಬರ್ ಕೇಂದ್ರದ ಹೆಸರು, ಓಣಿ, ಊರು ಬರೆದು, "ಮೂಲಕ" ಎಂದು ಆಕೆಯ ಪೂರ್ಣ ಹೆಸರು ಹಾಕಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಕೇಂದ್ರದ ಯಜಮಾನಿಯವರೂ ತಮ್ಮ ಬರಹಗಳನ್ನು ತಪ್ಪದೆ ಓದುತ್ತಾರೆ" ಎಂದು ಇನ್ನೊಂದು ವಾಕ್ಯ ಸೇರಿಸಿದೆ. ಸಾಕ್ಷಿಯಿದ್ದರೆ ದೂರಿಗೆ ಬಲ ಎಂಬುದು ಅದರ ಹಿಂದಿನ ವಿಚಾರ.

ಮೂರನೆಯ ದಿನ ಆ ಬ್ಲಾಗು ತೆರೆಯಲಿಲ್ಲ. ಅಂಥ ಪುಟವೇ ಇಲ್ಲವೆಂದು ಬಂತು.

ಆಕೆಯನ್ನು ಕರೆದೆ. "ನೋಡಮ್ಮ ನಿನ್ನ ಹನ್ನೆರಡನೆಯದು. ಒಂದು ಪ್ರಶ್ನೆ ಕೇಳಿದ್ದಕ್ಕೆ ಅಂಗಡಿ ಮುಚ್ಚಿಕೊಂಡು ಹೋಗಿದೆ" ಎಂದು, ಸ್ವಲ್ಪ ಹೆಮ್ಮೆಯಿಂದಲೇ, ಟಿಪ್ಪಣಿ ಪುಸ್ತಕ ತೆರೆದು ಕರಡನ್ನು ಮುಂದಿಟ್ಟೆ.

ಆಕೆ ನಿಂತೇ ಓದಿದರು. ಎರಡು ಸಲ ಓದಿದರೆಂದು ಕಾಣುತ್ತದೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ಅಡ್ರೆಸ್ ಯಾಕೆ ಹಾಕಿದ್ರಿ ಸಾರ್?"

"ಹಾಕದೆ? ಅದು ಮೂಕರ್ಜಿಯಾಗುವುದಿಲ್ಲವೇ?"

"ಆಗ್ಲಿ ಬಿಡಿ" ಎಂದು ಎಲ್ಲವನ್ನೂ ಹೇಳಿದರು. ತಂಗಿ, ಅಪ್ಪ, ಅಣ್ಣ, ಛತ್ರಿ. ಕೊನೆಗೆ ಹೇಳಿದ್ದು ಊರಿನ ವಿಚಾರ: "ಬೇಕಂತಲೇ ಊರು ಬದಲಾಯಿಸಿ ಬರ್ದಿದ್ಲು ಸಾರ್. ಗುರುತು ಸಿಗ್ಬಾರ್ದು ಅಂತ. ಅಮ್ಮ ನಡೀತಿದ್ದ ದಾರಿ ಬೇರೆ, ಅದು ಹತ್ರದ್ದೇ. ನೀವು ಹೇಳಿದ್ದೇನೋ ಸರೀನೇ. ಅಷ್ಟು ದೂರ ಯಾರೂ ನಡೆಯಲ್ಲ."

ಆಗ ನಾನು ಏನು ಮಾಡಬೇಕಿತ್ತೆಂದು ಈಗ ಗೊತ್ತಿದೆ. ಅಂದು ಮಾಡಿದ್ದು ಬೇರೆ. "ಇದನ್ನೆಲ್ಲ ಮೊದಲೇ ನನಗೆ ಹೇಳಬೇಕಿತ್ತು. ನನ್ನ ಪಟ್ಟಿ ಬೇಕು, ನನ್ನ ಮೇಲೆ ನಂಬಿಕೆ ಬೇಡ. ನಾನು ಇಲ್ಲೂ ಇತರರೇ ಆದೆ" ಎಂದು ಧ್ವನಿ ಏರಿಸಿ ಎದ್ದು ಬಂದೆ. ಇಪ್ಪತ್ತೆರಡು ದಿನ ನಾನು ಆ ಓಣಿಗೆ ಕಾಲಿಡಲಿಲ್ಲ. ಮನೆಯಲ್ಲಿ ಕೂತು ಆಕೆಯಿಂದ ನನಗಾದ ಅನ್ಯಾಯದ ಪಟ್ಟಿ ಮಾಡಲು ಹೊರಟೆ. ಮೌಸಿನ ಮಾತು, ಹತ್ತು ನಿಮಿಷದ ಮಾತು. ಮೂರನೆಯದಕ್ಕೆ ಏನೂ ಸಿಗಲಿಲ್ಲ. ನನ್ನ ಪುಸ್ತಕದಲ್ಲಿ ಯಾರ ಹೆಸರಿನ ಕೆಳಗೂ ಇಷ್ಟು ಕಡಿಮೆ ಇರಲಿಲ್ಲ. ಕೈಯಲ್ಲಿ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಆ ಇಪ್ಪತ್ತೆರಡು ದಿನಗಳಲ್ಲಿ ನಾನು ಹಾಲಿನವನನ್ನು ಬಿಟ್ಟರೆ ಇನ್ನಾರೊಂದಿಗೂ ಮಾತಾಡಿದ ನೆನಪಿಲ್ಲ.

ಇಪ್ಪತ್ತಮೂರನೆಯ ದಿನ ಮಧ್ಯಾಹ್ನ ಆಕೆಯೇ ನನ್ನ ಮನೆಗೆ ಬಂದರು. ಕೈಯಲ್ಲಿ ಕಾಗದದ ಕಟ್ಟು. ಆ ದಿನಗಳಲ್ಲಿ ನನ್ನ ಪಟ್ಟಿಗೆ ಬಂದ ಬರಹಗಳನ್ನೆಲ್ಲ ಅಚ್ಚು ತೆಗೆದು, ತಾಣವಾರು ಜೋಡಿಸಿ ತಂದಿದ್ದರು.

"ಹದಿನಾಲ್ಕು ಬಂದಿತ್ತು ಸಾರ್. ಶಾಸನದ್ದು ಒಂದು ಉದ್ದ ಇದೆ. ನೀವು ಜಗಳ ತೆಗೀಬಹುದಾದ್ದು ಅದರಲ್ಲಿ ಬೇಕಾದಷ್ಟಿದೆ."

ನಾನು ಕೂರಲು ಹೇಳಿದೆ. ಕ್ಷಮಾಪಣೆ ಬರೆದು ಕಳಿಸುತ್ತೇನೆ, ಕರಡು ಸಿದ್ಧವಾಗಿದೆ ಎಂದೆ. ಆಕೆ, "ಎಲ್ಲಿಗೆ ಕಳಿಸ್ತೀರಿ?" ಎಂದರು. ಕಳಿಸಲು ಆ ಬ್ಲಾಗೇ ಉಳಿದಿರಲಿಲ್ಲ. ಹಳೆಯ ಬರಹಗಳು ಮಾತ್ರ ನನ್ನ ಪಟ್ಟಿಯಲ್ಲಿ ಹಾಗೆಯೇ ಉಳಿದಿದ್ದವು. ಮೂಲ ಅಳಿಸಿಹೋದರೂ ಫೀಡ್ ಓದುವ ಪುಟ ತನ್ನ ಪ್ರತಿಯನ್ನು ಇಟ್ಟುಕೊಂಡಿರುತ್ತದಂತೆ. ಅದನ್ನು ತೆಗೆಯಬೇಡಿ ಎಂದು ಕೇಳಿಕೊಳ್ಳುವುದಕ್ಕೂ ಆಕೆ ಬಂದಿದ್ದರು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದರು:

"ಕಳಿಸೋಕಾಗಲ್ಲ. ಆದ್ರೆ ಬರೀಬಹುದು. ನೀವೇ ಒಂದು ಪುಟ ಶುರು ಮಾಡಿ ಸಾರ್. ಛತ್ರಿ ಮುದ್ದೆ ಅಂತ ಹೆಸರಿಡಣ. ಅವಳು ಯಾವತ್ತಾದ್ರೂ ತನ್ನ ಬರಹ ಎಲ್ಲಾದ್ರೂ ಉಳಿದಿದೆಯಾ ಅಂತ ಹುಡುಕಿದ್ರೆ ಇದು ಸಿಗುತ್ತೆ. ಸಿಕ್ಕಿದ್ರೆ ಫೀಡಿಗೆ ಹಾಕ್ಕೊಳ್ತಾಳೆ. ನಮ್ಗೆ ಗೊತ್ತಾಗಲ್ಲ, ಅವಳಿಗೆ ಮನೆ ವಿಚಾರ ಗೊತ್ತಾಗ್ತಾ ಇರುತ್ತೆ. ಭಯ ಬೀಳೋದೂ ಬೇಡ, ಉತ್ತರ ಕೊಡೋದೂ ಬೇಡ." ಆಮೇಲೆ ನನ್ನ ಮುಖ ನೋಡಿ ಸೇರಿಸಿದರು: "ಹೆಸರು ಬೇಡ, ಊರು ಬೇಡ, ಅಡ್ರೆಸ್ಸಂತೂ ಬೇಡವೇ ಬೇಡ. ಬರೀತೀರಾ?"

ಬರೆದೆ. ಪ್ರತಿ ಮಂಗಳವಾರ ಮೂರನೆಯ ಕಂಪ್ಯೂಟರಿನ ಮುಂದೆ ಕೂತು, ಸಹಿಯಿಲ್ಲದ ಎರಡು ಮೂರು ವಾಕ್ಯ. ಆಕೆ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಮನೆಗೆ ಸುಣ್ಣ ಹೊಡೆಸಿದೆವು. ಅತ್ತಿಗೆಗೆ ಹೆಣ್ಣುಮಗು. ಅಮ್ಮನಿಗೆ ಮಂಡಿನೋವು, ಎಣ್ಣೆ ಹಚ್ಚುತ್ತಿದ್ದೇವೆ. ನಾನು ಒಮ್ಮೆ ಒಂದು ವಿಶೇಷಣ ಸೇರಿಸಿದಾಗ, "ಅದು ತೆಗೀರಿ ಸಾರ್, ಪೇಪರಿನೋರು ಬರ್ದಂಗಿದೆ" ಎಂದರು. ತೆಗೆದೆ. ನನ್ನ ಬರವಣಿಗೆಯನ್ನು ತಿದ್ದಿ ನನ್ನಿಂದ ಬೈಸಿಕೊಳ್ಳದೆ ಹೋದವರು ಆಕೆ ಒಬ್ಬರೇ.

ಹೀಗೆ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ನಡೆಯಿತು. ಆಮೇಲೆ ಆಕೆ ಬಿಳಿಚಿಕೊಳ್ಳತೊಡಗಿದರು. ಮೆಟ್ಟಿಲು ಹತ್ತಿದರೆ ಏದುಸಿರು. ಬೆಂಗಳೂರಿನ ಆಸ್ಪತ್ರೆಯಲ್ಲಿ ರಕ್ತದ ಕಾಯಿಲೆ ಎಂದರು. ಅಲ್ಲಿಂದ ಬಂದ ಮಂಗಳವಾರ ನಾನು ಕೀಲಿಮಣೆಯ ಮೇಲೆ ಕೈಯಿಟ್ಟು ಕಾದೆ.

"ನನ್ನ ವಿಚಾರ ಬೇಡ" ಎಂದರು. "ಅವಳು ಅಳ್ತಾಳೆ. ಒಬ್ಬಳೇ ಕೂತು ಅಳೋದು ಕಷ್ಟ ಸಾರ್. ಅಮ್ಮ ಹಪ್ಪಳ ಇಟ್ಟರು ಅಂತ ಬರೀರಿ."

ಹಪ್ಪಳದ ಬಗ್ಗೆ ಬರೆದೆ. ಆಮೇಲಿನ ಮಂಗಳವಾರಗಳಲ್ಲೂ ಆಕೆ ಹೇಳಿದ್ದನ್ನೇ ಬರೆದೆ. ಕೊನೆಯ ಎರಡು ಮಂಗಳವಾರ ಆಕೆ ಕೇಂದ್ರಕ್ಕೆ ಬರಲಾಗಲಿಲ್ಲ. ಮನೆಗೆ ಹೋಗಿ ಮಂಚದ ಪಕ್ಕ ಕೂತು ಬರೆದುಕೊಂಡು ಬಂದೆ. ಮಾಗಿ ಚಳಿಯ ಒಂದು ಬೆಳಗ್ಗೆ ತೀರಿಕೊಂಡರು. ನಲವತ್ತು ತುಂಬಿರಲಿಲ್ಲ.

ಅಂತ್ಯಕ್ರಿಯೆಗೆ ಬಂದವರಲ್ಲಿ ಅರ್ಧದಷ್ಟು ಜನ ಎಂದೋ ಒಮ್ಮೆ ಆಕೆಯ ಬಳಿ ಅರ್ಜಿ ಟೈಪು ಮಾಡಿಸಿಕೊಂಡವರು. ಕೂಟದಿಂದ ಯಾರೂ ಬರಲಿಲ್ಲ; ಅವರಿಗೆ ಆಕೆ ಗೊತ್ತೂ ಇರಲಿಲ್ಲ. ಆದರೂ ಬರಬೇಕಿತ್ತೆಂದು ನನಗೆ ಅನ್ನಿಸಿತು.

ಮುಂದಿನ ಮಂಗಳವಾರ ಏನು ಬರೆಯಬೇಕೆಂಬುದು ನನ್ನ ತಲೆಯ ಮೇಲೆ ಬಂತು. ತನ್ನ ವಿಚಾರ ಬೇಡವೆಂದು ಆಕೆ ಹೇಳಿದ್ದರು. ಅಕ್ಕ ಹೋದದ್ದು ತಿಳಿಯದೆ ಆ ತಂಗಿ ಹಪ್ಪಳದ ಸುದ್ದಿ ಓದಿಕೊಂಡಿರುವುದು ಸರಿಯೇ ಎಂದೂ ಅನ್ನಿಸುತ್ತಿತ್ತು. ಬರೆದರೆ ಅವಳು ಬಂದಾಳು, ಬಂದರೆ ಅಣ್ಣನಿದ್ದಾನೆ. ಒಮ್ಮೆ ಯೋಚಿಸದೆ ಬರೆದು ಕೆಡಿಸಿದವನು ನಾನು. ಈ ಸಲ ನೇರವಾಗಿ ಅಣ್ಣನ ಬಳಿಗೆ ಹೋದೆ. ಮಾರುಕಟ್ಟೆಯಲ್ಲಿ ತಕ್ಕಡಿಯ ಪಕ್ಕ ಕೂತಿದ್ದ. ಬ್ಲಾಗಿನ ವಿಚಾರ, ನನ್ನ ತಪ್ಪು, ಮಂಗಳವಾರದ ಬರಹ ಎಲ್ಲವನ್ನೂ ಹೇಳಿದೆ. ಹೊಡೆದರೂ ಹೊಡೆಯಲಿ ಎಂದುಕೊಂಡೇ ಹೇಳಿದೆ. ಅವನು ತೂಕದ ಕಲ್ಲನ್ನು ಎತ್ತಿ ಬೇರೆ ಕಡೆ ಇಟ್ಟ. ಮತ್ತೆ ಎತ್ತಿ ಮೊದಲಿದ್ದಲ್ಲೇ ಇಟ್ಟ.

"ನನಗೆ ಗೊತ್ತಿತ್ತು ಸಾರ್, ಮಂಗಳವಾರದ್ದು" ಎಂದ. "ಒಂದು ದಿನ ಅದೇ ಮಷೀನಲ್ಲಿ ನೋಡ್ದೆ. ಅವಳು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ಲು. ಮುಚ್ಚಿಟ್ಕೊಳ್ಲಿ ಅಂತ ಸುಮ್ಮನಾದೆ."

"ಈಗ ಏನೆಂದು ಬರೆಯಲಿ?"

ಗಿರಾಕಿಯೊಬ್ಬ ತೆಲುಗಿನಲ್ಲಿ ಏನೋ ಕೇಳಿದ, ಅಣ್ಣ ಕೈಬೀಸಿ ಕಳಿಸಿದ. "ಪೋನೀ, ಹೋಗ್ಲಿ, ಬರ್ದುಬಿಡಿ ಸಾರ್" ಎಂದ. "ಅಕ್ಕ ಇಲ್ಲ ಅಂತ. ಅಮ್ಮ ಕೇಳ್ತಾ ಇದ್ದಾಳೆ ಅಂತ."

"ನೀನು?"

"ನಾನೇನು ಕೇಳ್ಲಿ. ಬಂದ್ರೆ ಮನೇಲಿರ್ತೀನಿ, ಎಲ್ಲೂ ಹೋಗಲ್ಲ ಅಂತ ಬರೀರಿ."

ಆ ಮಾತನ್ನು ಅವನು ಹೇಳಿದ ಹಾಗೆಯೇ ಬರೆದೆ, ಒಂದಕ್ಷರ ತಿದ್ದದೆ.

ಉತ್ತರ ಬಂದಿಲ್ಲ. ಯಾರೂ ಬಂದಿಲ್ಲ. ಓದುವವರಿದ್ದಾರೋ ಇಲ್ಲವೋ ಎಂದು ತಿಳಿಯುವ ದಾರಿ ನನಗೆ ಗೊತ್ತಿಲ್ಲ. ಆಕೆ ಇದ್ದಿದ್ದರೆ ಕೇಳುತ್ತಿದ್ದೆ. ಕೇಂದ್ರ ಮುಚ್ಚಿತು. ಅಣ್ಣ ಮೂರನೆಯ ಕಂಪ್ಯೂಟರನ್ನು ಒಂದು ಗೋಣಿಚೀಲದ ಮೇಲಿಟ್ಟು ಆಟೋದಲ್ಲಿ ತಂದು ನನ್ನ ಮನೆಯಲ್ಲಿಟ್ಟು ಹೋದ. ಪಟ್ಟಿಯಲ್ಲಿ ನಾನು ಗುರುತು ಹಾಕಿಕೊಂಡಿದ್ದ ಹನ್ನೊಂದರಲ್ಲಿ ಆರು ಈಗ ನಿಂತುಹೋಗಿವೆ. ಹನ್ನೆರಡನೆಯ ಸಾಲನ್ನು ತೆಗೆದಿಲ್ಲ. ಅರವತ್ತಾರು ವರ್ಷ ನನಗೆ ಯಾರು ಏನು ಮಾಡಿದರೆಂಬುದನ್ನು ಬರೆದಿಟ್ಟುಕೊಂಡವನಿಗೆ, ನಾನು ಯಾರಿಗೆ ಏನು ಮಾಡಿದೆನೆಂಬುದನ್ನು ಒಂದು ಕಟುಮಾತೂ ಆಡದೆ ತೋರಿಸಿ, ಅದಕ್ಕೊಂದು ಕೆಲಸವನ್ನೂ ಕೊಟ್ಟು ಹೋದವರು ಆಕೆ. ಆ ಕೆಲಸ ನನ್ನ ಕೈಯಲ್ಲಿ ಆಗುವಷ್ಟು ದಿನ ನಡೆಯುತ್ತದೆ. ಸೋಮವಾರ ಸಂಜೆ ಅವರ ಮನೆಗೆ ಹೋಗಿ ತಾಯಿಯ ಪಕ್ಕ ಸ್ವಲ್ಪ ಹೊತ್ತು ಕೂತು ಬರುತ್ತೇನೆ, ಮಂಗಳವಾರ ಬರೆಯುತ್ತೇನೆ.

ಈ ವಾರ ಬರೆದದ್ದು ಇಷ್ಟು: ಅಮ್ಮನ ಬಲಗಣ್ಣಿನ ಪೊರೆ ತೆಗೆಸಿದ್ದಾಯಿತು. ಈಗ ಬಾಗಿಲಲ್ಲಿ ಕೂತರೆ ರಸ್ತೆಯ ಕೊನೆಯಿಂದ ಬರುವವರ ಮುಖ ಕಾಣುತ್ತದಂತೆ. ದಿನವೂ ಕೂರುತ್ತಾರೆ.